ಲೆಕ್ಕದಲ್ಲಿ 24 ಟನ್, ಪ್ರೆಸ್ಸಿನಲ್ಲಿ 50 ಟನ್ನೂ ಸಾಲದು

ಪ್ರಶ್ನೆ: 50 ಮಿ.ಮೀ. ವ್ಯಾಸದ, ಅಷ್ಟೇ ಎತ್ತರದ ಉಕ್ಕಿನ ದುಂಡು ತುಂಡನ್ನು ಕಾಯಿಸಿ, ಎರಡು ಚಪ್ಪಟೆ ಡೈಗಳ (ಒತ್ತುವ ಅಚ್ಚುಗಳ) ನಡುವೆ 25 ಮಿ.ಮೀ. ಎತ್ತರಕ್ಕೆ ಒತ್ತಬೇಕಿತ್ತು. ಆ ಉಷ್ಣತೆಯಲ್ಲಿ ಫ್ಲೋ ಸ್ಟ್ರೆಸ್ (ಲೋಹ ಹರಿದು ಆಕಾರ ಬದಲಿಸುತ್ತಲೇ ಇರಲು ಬೇಕಾದ ಒತ್ತಡ) 120 ಮೆಗಾಪಾಸ್ಕಲ್ ಎಂದು ಹಿಡಿದು ತುಂಡಿನ ವಿಸ್ತೀರ್ಣದಿಂದ ಗುಣಿಸಿದಾಗ 24 ಟನ್ ಬಂತು. ಆದರೆ 50 ಟನ್‌ನ ಹೈಡ್ರಾಲಿಕ್ ಪ್ರೆಸ್ 30 ಮಿ.ಮೀ. ಸಮೀಪದಲ್ಲೇ ನಿಂತುಬಿಟ್ಟಿತು. ತಪ್ಪು ಎಲ್ಲಿದೆ?

ಉತ್ತರ: ಪ್ರೆಸ್ಸನ್ನು ದೂರಬೇಡಿ. ಹೈಡ್ರಾಲಿಕ್ ಪ್ರೆಸ್ ತನ್ನ ಪೂರ್ಣ ಬಲವನ್ನು ಚಲನೆಯ ಯಾವ ಹಂತದಲ್ಲಾದರೂ ಕೊಡಬಲ್ಲದು. ನಿಮ್ಮ ಪ್ರೆಸ್ ನಿಂತದ್ದು ಸರಿಯಾಗಿ ನಿಲ್ಲಬೇಕಾದ ಜಾಗದಲ್ಲೇ.

ನೀವು ಗುಣಿಸಿದ್ದು ಆರಂಭದ ವಿಸ್ತೀರ್ಣದಿಂದ. ಒತ್ತುವಾಗ ಲೋಹದ ಘನಗಾತ್ರ ಬದಲಾಗುವುದಿಲ್ಲವಾದ್ದರಿಂದ ಎತ್ತರ ಅರ್ಧಕ್ಕಿಳಿದರೆ ವಿಸ್ತೀರ್ಣ ಇಮ್ಮಡಿಯಾಗಿ 3,927 ಚದರ ಮಿ.ಮೀ. ಆಗುತ್ತದೆ, ವ್ಯಾಸ 70.7 ಮಿ.ಮೀ.ಗೆ ಏರುತ್ತದೆ. ಇಷ್ಟರಿಂದಲೇ ಬಲ 471 ಕಿಲೋನ್ಯೂಟನ್, ಅಂದರೆ 48 ಟನ್ ಆಯಿತು.

ಎರಡನೆಯದು ಘರ್ಷಣೆ. ಲೋಹ ಹೊರಕ್ಕೆ ಹರಿಯಲು ಹೊರಟಾಗ ಡೈಯ ಮೇಲ್ಮೈ ಅದನ್ನು ಹಿಡಿದೆಳೆಯುತ್ತದೆ; ತುಂಡಿನ ನಡು ಪೀಪಾಯಿಯಂತೆ ಉಬ್ಬುವುದು ಇದರ ಗುರುತು. ಅಂಚಿನಲ್ಲಿ ಫ್ಲೋ ಸ್ಟ್ರೆಸ್‌ನಷ್ಟೇ ಇರುವ ಒತ್ತಡ ಕೇಂದ್ರದತ್ತ ಸಾಗಿದಂತೆ ಗುಡ್ಡದ ಹಾಗೆ ಏರುತ್ತದೆ. ಇದನ್ನು ಲೆಕ್ಕಕ್ಕೆ ತರಲು ಘರ್ಷಣಾಂಕ (ಘರ್ಷಣೆ ಎಷ್ಟೆಂದು ಹೇಳುವ ಸಂಖ್ಯೆ) ಮತ್ತು ತ್ರಿಜ್ಯದ ಗುಣಲಬ್ಧದ ಇಮ್ಮಡಿಯನ್ನು ಎತ್ತರದ ಮೂರರಷ್ಟರಿಂದ ಭಾಗಿಸಿ, ಬಂದದ್ದಕ್ಕೆ 1 ಕೂಡಿಸಿ, ಹಿಂದಿನ ಬಲವನ್ನು ಅದರಿಂದ ಗುಣಿಸಬೇಕು. ತ್ರಿಜ್ಯ, ಎತ್ತರ, ವಿಸ್ತೀರ್ಣ ಮೂರೂ ಕೊನೆಯ ಹಂತದವೇ ಆಗಿರಬೇಕು. ಘರ್ಷಣಾಂಕ 0.3 ಎಂದಿಟ್ಟುಕೊಂಡರೆ ಗುಣಕ 1.28, ಬಲ ಸುಮಾರು 605 ಕಿಲೋನ್ಯೂಟನ್, ಎಂದರೆ 62 ಟನ್. ಇದೇ ಸೂತ್ರವನ್ನು 30 ಮಿ.ಮೀ. ಎತ್ತರಕ್ಕೆ ಅನ್ವಯಿಸಿದರೆ 49 ಟನ್ ಸಿಗುತ್ತದೆ. ನಿಮ್ಮ ಪ್ರೆಸ್ ಹೇಳಿದ್ದೂ ಅದನ್ನೇ.

ತುಂಡು ತೆಳ್ಳಗಾದಂತೆ ಈ ಗುಣಕ ಎಷ್ಟು ನಿರ್ದಯವಾಗುತ್ತದೆ ಎಂಬುದನ್ನು ಗಮನಿಸಿ: ಅದೇ ತುಂಡನ್ನು 10 ಮಿ.ಮೀ.ಗೆ ಇಳಿಸಲು ಸುಮಾರು 254 ಟನ್ ಬೇಕು. ಮುಚ್ಚಿದ ಡೈಗಳಲ್ಲಿ ಅಂಚಿಗೆ ಹರಿಯುವ ತೆಳು ಫ್ಲ್ಯಾಶ್ (ಹೆಚ್ಚುವರಿ ಲೋಹದ ಪದರ) ಅಷ್ಟೊಂದು ಬಲ ಬೇಡುವುದೂ ಇದೇ ಕಾರಣಕ್ಕೆ. ಅಲ್ಲಿ ಸರಳ ಆಕಾರಗಳಿಗೆ 5ರಿಂದ 8, ಜಟಿಲ ಆಕಾರಗಳಿಗೆ 8ರಿಂದ 12ರವರೆಗಿನ ಗುಣಕವನ್ನು ಬಳಸುವ ರೂಢಿಯಿದೆ, ವಿಸ್ತೀರ್ಣಕ್ಕೆ ಫ್ಲ್ಯಾಶನ್ನೂ ಸೇರಿಸಬೇಕು.

ಘರ್ಷಣೆ ತಗ್ಗಿಸಲು ಡೈಗೆ ಗ್ರಾಫೈಟ್ ಬಳಿದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಘರ್ಷಣಾಂಕ 0.1ಕ್ಕೆ ಇಳಿದರೂ 53 ಟನ್ ಬೇಕಾಗುವುದರಿಂದ ಸಾಲದು. ತುಂಡನ್ನು ಇನ್ನಷ್ಟು ಕಾಯಿಸಿದರೆ ಫ್ಲೋ ಸ್ಟ್ರೆಸ್ ತಗ್ಗುತ್ತದೆ. ನಿಧಾನವಾಗಿ ಒತ್ತಿದರೂ ಬಿಸಿ ಲೋಹದಲ್ಲಿ ಅದು ತಗ್ಗುತ್ತದೆಯಾದರೂ, ತಣ್ಣನೆಯ ಡೈಗಳಿಗೆ ಶಾಖ ಸೋರಿ ಗಳಿಸಿದ್ದೆಲ್ಲ ಕೈತಪ್ಪಬಹುದು. ನನ್ನ ಸಲಹೆ ಕೇಳಿದರೆ, 75 ಟನ್ನಿಗಿಂತ ಕಡಿಮೆಯ ಪ್ರೆಸ್ಸಿನಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ.