ಇಂಟೀರಿಯರ್ ಡಿಸೈನ್ ಪ್ರಾಜೆಕ್ಟ್‌ಗೆ ನಮ್ಮ ಐನ್‌ಮನೆ (ಕೊಡವ ಕುಟುಂಬದ ಮೂಲಮನೆ) ಅಳೆಯುತ್ತಿದ್ದೇನೆ. ಗೋಡೆಗಳ ಜೊತೆ ಮೂಲೆಯಿಂದ ಮೂಲೆಗೂ ಅಳೆಯಿರಿ ಅಂತಾರೆ, ಯಾಕೆ?

ನಾಲ್ಕು ಗೋಡೆಗಳ ಉದ್ದ ಗೊತ್ತಾದರೆ ಸಾಲದು, ಅಷ್ಟರಿಂದ ಕೋಣೆಯ ಆಕಾರ ಗೊತ್ತಾಗುವುದಿಲ್ಲ. ಅದಕ್ಕೇ ಎದುರುಬದುರು ಮೂಲೆಗಳ ಅಳತೆ, ಅಂದರೆ ಕರ್ಣ, ಬೇಕೇ ಬೇಕು.

ನಾಲ್ಕು ಕಡ್ಡಿಗಳನ್ನು ತುದಿಗೆ ತುದಿ ಕಟ್ಟಿ ನೋಡಿ. ಸುಮ್ನೆ ಒತ್ತಿದರೂ ಚೌಕಟ್ಟು ಓರೆಯಾಗುತ್ತದೆ, ಕಡ್ಡಿಗಳ ಉದ್ದ ಮಾತ್ರ ಹಾಗೇ ಇರುತ್ತದೆ. ಮೂಲೆಯಿಂದ ಮೂಲೆಗೆ ಐದನೆಯ ಕಡ್ಡಿ ಕಟ್ಟಿದರೆ ಎರಡು ತ್ರಿಕೋನಗಳಾಗುತ್ತವೆ. ಆಮೇಲೆ ಅದು ಅಲುಗಾಡುವುದಿಲ್ಲ. ಮೂಲೆಯಿಂದ ಮೂಲೆಗೆ ಹಿಡಿದ ಅಳತೆ ಟೇಪ್ ಮಾಡುವುದೂ ಇದೇ ಕೆಲಸ.

12 ಅಡಿಗೆ 9 ಅಡಿಯ ಕೋಣೆಯಲ್ಲಿ ಮೂಲೆಮಟ್ಟ ಸರಿಯಿದ್ದರೆ, ಅಂದರೆ ಮೂಲೆಗಳು ಸರಿಯಾಗಿ 90 ಡಿಗ್ರಿ ಇದ್ದರೆ, ಎರಡೂ ಕರ್ಣ 15 ಅಡಿ ಬರುತ್ತವೆ. ಒಂದು 15 ಅಡಿ 3 ಇಂಚು, ಇನ್ನೊಂದು 14 ಅಡಿ 9 ಇಂಚು ಬಂತಾ? ಕೋಣೆ ಓರೆಯಾಗಿದೆ. ಹಳೇ ಮಣ್ಣಿನ ಗೋಡೆಗಳಲ್ಲಿ ಇದು ಜಾಸ್ತಿ. ಹಾಳೆಯ ಮೇಲೆ ಚೆನ್ನಾಗಿ ಕೂತ ಬೀರು ಅಲ್ಲಿ ಗೋಡೆಗೆ ಒತ್ತಿ ಕೂರುವುದಿಲ್ಲ, ಹಿಂದೆ ಸಂದು ಬಿಡುತ್ತದೆ.

ಹಾಗೇ, ಕೈಯಾಲೆಯ (ಮನೆ ಮುಂದಿನ ಜಗಲಿಯ) ಐಮರ ಮರೆಯಬೇಡಿ. ಕಂಬದಿಂದ ಕಂಬಕ್ಕೆ ಕೂರಿಸಿದ ಆ ಅಗಲದ ಹಲಗೆಯ ಮೇಲೆ ಮೊದಲು ಸ್ವಲ್ಪ ಹೊತ್ತು ಕೂತುಕೊಳ್ಳಿ. ಕಾಲು ನೆಲಕ್ಕೆ ಹೇಗೆ ತಾಗುತ್ತದೆ ನೋಡಿ, ಆಮೇಲೆ ಎತ್ತರ, ಅಗಲ ಬರೆದುಕೊಳ್ಳಿ.