ಕೇಳದೆಯೇ ಬರುವ ಸ್ಟೀಮ್ ಕೋಡ್

ಲಾಗಿನ್ ಆಗದಿದ್ದರೂ ರಾತ್ರಿ ಹೊತ್ತು ಸ್ಟೀಮ್ ಗಾರ್ಡ್ ಕೋಡ್ (ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯ ಲಾಗಿನ್ ಭದ್ರತಾ ಕೋಡ್) ಇಮೇಲ್‌ಗೆ ಯಾಕೆ ಬರುತ್ತಿದೆ ಅಂತ ಕೇಳಿದ್ದೀರಿ. ಹೀಗೆ ಬರುತ್ತಿದೆ ಅಂದರೆ, ನಿಮ್ಮ ಪಾಸ್‌ವರ್ಡ್ ಬೇರೆಯವರಿಗೆ ಸಿಕ್ಕಿರುವ ಸಾಧ್ಯತೆಯೇ ಜಾಸ್ತಿ. ಪಾಸ್‌ವರ್ಡ್ ಸರಿಯಾಗಿ ಹಾಕಿದ ಮೇಲೇ ಆ ಮೇಲ್ ಬರುವುದು. ಜಯನಗರದ ಗೇಮಿಂಗ್ ಕೆಫೆಯಲ್ಲಿ ಆಡಿದ್ದೆ ಅಂದಿದ್ದೀರಿ. ಅಲ್ಲೇ ಸೋರಿತು ಅಂತ ಖಚಿತವಾಗಿ ಹೇಳಲಾರೆ, ಆದರೆ ನನಗೂ ಹೀಗಾಗಿದ್ದು ಒಂದು ಕೆಫೆಗೆ ಹೋಗಿ ಬಂದ ವಾರವೇ.

ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸಿ, ಸ್ಟೀಮ್ ಆಮೇಲೆ. ಇಮೇಲೇ ಅವರ ಕೈಲಿದ್ದರೆ ಕೋಡೂ ಅವರಿಗೇ ಸಿಗುತ್ತದೆ, ಅಲ್ವಾ? ಎರಡಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇಡಿ. ಮನೆಯ ಕಂಪ್ಯೂಟರಿನಿಂದಲೇ ಮಾಡಿ.

ನಂತರ ಸ್ಟೀಮ್ ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿ ಉಳಿದ ಎಲ್ಲ ಸಾಧನಗಳನ್ನೂ ಲಾಗ್ ಔಟ್ ಮಾಡಿ. ಫೋನಿನಲ್ಲಿ ಸ್ಟೀಮ್ ಆಪ್ ಹಾಕಿಕೊಂಡು ಅಥೆಂಟಿಕೇಟರ್ (ಲಾಗಿನ್ ಕೋಡನ್ನು ಫೋನಿನಲ್ಲೇ ತೋರಿಸುವ ಸೌಲಭ್ಯ) ಆನ್ ಮಾಡಿ. ಅದರ ಕೋಡ್ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಅಥೆಂಟಿಕೇಟರ್ ಆನ್ ಮಾಡುವಾಗ ‘ಆರ್’ ಅಕ್ಷರದಿಂದ ಶುರುವಾಗುವ ರಿಕವರಿ ಕೋಡ್ (ಫೋನ್ ಕಳೆದಾಗ ಬಳಸುವ ಕೋಡ್) ಕೊಡುತ್ತಾರೆ, ಅದನ್ನು ಕಾಗದದಲ್ಲಿ ಬರೆದಿಡಿ. ಸ್ಕ್ರೀನ್‌ಶಾಟ್ ಬೇಡ. ಫೋನ್ ಕಳೆದರೆ ಅದೂ ಹೋಯ್ತು!

ಸ್ಕಿನ್ (ಗೇಮಿನೊಳಗಿನ ಅಲಂಕಾರದ ವಸ್ತು) ಟ್ರೇಡ್ ಮಾಡುತ್ತೀರಾದರೆ ಸ್ಟೀಮ್‌ನ ವೆಬ್ ಎಪಿಐ ಕೀ (ಬೇರೆ ಪ್ರೋಗ್ರಾಂಗಳು ನಿಮ್ಮ ಖಾತೆಯ ಹೆಸರಲ್ಲಿ ಸ್ಟೀಮ್ ಬಳಸಲು ಬೇಕಾದ ಗುಪ್ತ ಕೀ) ಪುಟವನ್ನೂ ನೋಡಿ. ನೀವು ಮಾಡದ ಕೀ ಅಲ್ಲಿದ್ದರೆ ರದ್ದು ಮಾಡಿ. ಕಾರ್ಡ್ ಅಥವಾ ಯುಪಿಐ ದುಡ್ಡೇ ಹೋಗಿದ್ದರೆ ತಡ ಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.