ಸೊನ್ನೆ ಯಾಕಲ್ಲ, ಮೂರು ಯಾಕೆ?

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಹೆಸರು ಮೋಹನ ಅಂತಿಟ್ಟುಕೊಳ್ಳೋಣ, ವಯಸ್ಸು 38. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಶುರುವಾಗಿ ಬಹಳ ವರ್ಷಗಳಾಗಿವೆ. ಕ್ಲೋಜಪಿನ್ ಮಾತ್ರೆಯಿಂದ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ಕಡಿಮೆಯಾಗಿದ್ದವು. ಸಿಗರೇಟು ಮಾತ್ರ ದಿನಕ್ಕೆ 25. ನನ್ನ ಬಳಿ ಕರೆತಂದ ಅಕ್ಕ ಕೇಳಿದರು, "ಅವನಿಗಿರೋದು ಅದೊಂದೇ ಸುಖ. ಬಿಡಿಸಿದ್ರೆ ಕಾಯಿಲೆ ಕೆರಳಲ್ವಾ?"

ಎಷ್ಟೋ ಮನೆಗಳಲ್ಲಿ ಈ ಭಯವಿದೆ. ಆದರೆ ಈ ಕಾಯಿಲೆ ಇರುವವರು ಬೇಗ ತೀರಿಕೊಳ್ಳುವುದಕ್ಕೆ ಹೃದಯ, ಶ್ವಾಸಕೋಶದ ತೊಂದರೆಗಳು ದೊಡ್ಡ ಕಾರಣ. ಅದರಲ್ಲಿ ಹೊಗೆಯ ಪಾಲು ಜಾಸ್ತಿ. ಪಾಪ ಅಂತ ಸುಮ್ನೆ ಬಿಟ್ಟರೆ ಅವರಿಗೆ ಅನ್ಯಾಯ ಮಾಡಿದಂತೆ.

ಮೋಹನ ಅವರಿಗೆ 'ಬಿಡಿ' ಅನ್ನಲಿಲ್ಲ. ಸಿಗರೇಟಿನಿಂದ ಏನು ಸಿಗುತ್ತದೆ ಅಂತ ಕೇಳಿದೆ. "ತಲೆ ತಿಳಿಯಾಗುತ್ತೆ. ಮಾತಿಗೆ ಯಾರಾದ್ರೂ ಸಿಗ್ತಾರೆ." ಹೌದು ಅಂದೆ. ಬಿಡುವ ಆಸೆಗೆ 10ಕ್ಕೆ ಎಷ್ಟು ಅಂಕ? "ಮೂರು." ಸೊನ್ನೆ ಯಾಕಲ್ಲ? ತುಂಬ ಹೊತ್ತು ಮಾತಿಲ್ಲ. ಇಂಥ ಮೌನದಲ್ಲಿ ನಾವು ಬಾಯಿ ಹಾಕಬಾರದು. ಅವರಿಗೆ ಯೋಚಿಸಲು ಸಮಯ ಬೇಕು. ಕೊನೆಗೆ ಅಂದರು, "ಪ್ರತಿ ಸಲ ಅಕ್ಕನ ಹತ್ರ ದುಡ್ಡು ಕೇಳಬೇಕು. ನಾಚಿಕೆಯಾಗುತ್ತೆ." ಕ್ಯಾನ್ಸರ್ ಚಿತ್ರ ತೋರಿಸಿದ್ದರೆ ಈ ಮಾತು ಹೊರಬರುತ್ತಿತ್ತೇ? ಮುಂದಿನ ಭೇಟಿಗಳಲ್ಲೂ ಇದನ್ನೇ ಹಿಡಿದು ಮಾತಾಡಿದೆವು, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ. ಬಿಡುವ ದಿನವನ್ನು ಅವರೇ ಗೊತ್ತು ಮಾಡಿದರು.

ಆಗ ಕೊಟ್ಟ ಮೊದಲ ಸಲಹೆ: ಮನೋವೈದ್ಯರಿಗೆ ಹೇಳದೆ ನಿಲ್ಲಿಸಬೇಡಿ. ಹೊಗೆಯಲ್ಲಿರುವ ಜಿಗುಟು ಪದಾರ್ಥವಾದ ಟಾರ್‌ನಿಂದಾಗಿ ಲಿವರ್ ಕ್ಲೋಜಪಿನ್ ಮತ್ತು ಅದೇ ಬಗೆಯ ಒಲಾಂಜಪಿನ್‌ಗಳನ್ನು ಬೇಗ ಖರ್ಚು ಮಾಡುತ್ತದೆ. ಸೇದುವುದು ನಿಂತರೆ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಮಾತ್ರೆಯ ಪ್ರಮಾಣ ಏರುತ್ತದೆ. ವಿಪರೀತ ನಿದ್ದೆ, ಜೊಲ್ಲು, ಫಿಟ್ಸ್ ಕೂಡ ಬರಬಹುದು. ಸಿಗರೇಟಿನ ಬದಲು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಹಾಕಿದರೂ ಡೋಸ್ ನೋಡಲೇಬೇಕು, ಏಕೆಂದರೆ ಪ್ಯಾಚ್‌ನಲ್ಲಿ ಟಾರ್ ಇಲ್ಲ. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ಡೋಸ್ ಇಳಿಸಿದರು.

ಅಕ್ಕನಿಗೆ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ವಿಷಯ ಹೇಳಿದೆ. 8,000ಕ್ಕೂ ಹೆಚ್ಚು ಜನ, ಅರ್ಧದಷ್ಟು ಮಂದಿ ಮಾನಸಿಕ ಕಾಯಿಲೆ ಇದ್ದವರು. ಸಿಗರೇಟು ಬಿಡಲು ಕೊಡುವ ಮಾತ್ರೆಗಳಾದ ವಾರೆನಿಕ್ಲಿನ್, ಬುಪ್ರೋಪಿಯಾನ್‌ಗಳಿಂದ ಮಾನಸಿಕ ತೊಂದರೆ ಗಮನಾರ್ಹವಾಗಿ ಹೆಚ್ಚಿದ್ದು ಕಂಡುಬರಲಿಲ್ಲ. ಜೊತೆಗೆ ಇಷ್ಟು: ಲೆಕ್ಕ ಕೇಳಬೇಡಿ, ಜೇಬು ತಡಕಬೇಡಿ. ಸೇದುವ ಹೊತ್ತಿಗೆ ಅವರ ಜೊತೆ ಒಂದು ಸುತ್ತು ನಡೆಯಿರಿ, ಮಾತಾಡಿ.

ಕೆಲವು ವಾರ ಬಿಟ್ಟಿದ್ದ ಮೋಹನ ಮತ್ತೆ ಸೇದಿದರು. ಡೋಸ್ ಕಡಿಮೆ ಇರುವಾಗ ಇದೂ ಅಪಾಯವೇ, ದನಿಗಳು ಮರಳಬಹುದು. ಅದು ನೆನಪಿಟ್ಟು ಅವರೇ ವೈದ್ಯರಿಗೆ ಫೋನ್ ಮಾಡಿದರು. ಈಗ ಇನ್ನೊಂದು ದಿನ ಗೊತ್ತು ಮಾಡಿದ್ದಾರೆ.